ನೀರು ಬಂತಾ? ಒಮಾನಿನ ಮ್ಯಾಂಟಲ್ ಬಂಡೆಗಳ ನಡುವೆ ಒಂದು ವಾರ

ಸೋಮವಾರ: ಮತ್ರಾ

ಮಸ್ಕತ್‌ಗೆ ಹೋದವರೆಲ್ಲ ಮತ್ರಾದ ಕಡಲಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದೆ ನೀಲಿ ನೀರು, ನಡುವೆ ಬಿಳಿ ಮನೆಗಳ ಸಾಲು, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಕರಿಗಂದು ಗುಡ್ಡಗಳು. ಮನೆಗಳ ಬಗ್ಗೆ, ಪೋರ್ಚುಗೀಸರ ಕೋಟೆಯ ಬಗ್ಗೆ ಗೈಡುಗಳು ಬೇಕಾದಷ್ಟು ಹೇಳುತ್ತಾರೆ. ಗುಡ್ಡಗಳ ಸುದ್ದಿ ಯಾರೂ ಎತ್ತುವುದಿಲ್ಲ. ನಾನು ಹೋದದ್ದೇ ಅವಕ್ಕಾಗಿ. ಸಮುದ್ರತಳದಿಂದ ಇನ್ನೂ ಆರೇಳು ಕಿಲೋಮೀಟರ್ ಕೆಳಗೆ ಇರಬೇಕಾದ ಮ್ಯಾಂಟಲ್ ಬಂಡೆ, ಅಂದರೆ ಭೂಮಿಯ ತೊಗಟೆಯ ಅಡಿಯ ಪದರದ ಕಲ್ಲು, ಇಲ್ಲಿ ಬಸ್‌ಸ್ಟಾಪಿನ ಹಿಂದೆ ನಿಂತಿದೆ.

ಮಾನಸಗಂಗೋತ್ರಿಯಲ್ಲಿ ನನ್ನ ಜೊತೆ ಭೂವಿಜ್ಞಾನ ಓದಿದ ಗೆಳೆಯನೊಬ್ಬ ಅಲ್ಲಿದ್ದಾನೆ. ಉಡುಪಿ ಕಡೆಯವನು. ನಾನು ಬ್ಯಾಂಕ್ ಸೇರಿ ಕಲ್ಲು ಬಿಟ್ಟೆ. ಅವನು ಊರು ಬಿಟ್ಟರೂ ಕಲ್ಲು ಬಿಡಲಿಲ್ಲ. "ಜನವರಿಯಲ್ಲಿ ಬಾ, ಮೇ ತಿಂಗಳಲ್ಲಿ ಬಂದರೆ ನಿನ್ನನ್ನೇ ಹುರಿದು ಕೊಡ್ತೀನಿ" ಎಂದು ವರ್ಷಗಳಿಂದ ಹೇಳುತ್ತಿದ್ದ. ಬಂದೆ. ಮಧ್ಯಾಹ್ನ ಅವನ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಊಟ ಮುಗಿದ ಮೇಲೂ ಪರದೇಶಕ್ಕೆ ಬಂದಿದ್ದೇನೆಂದು ಅನ್ನಿಸಲಿಲ್ಲ.

ಸಂಜೆ ರಿಯಾಮ್ ಪಾರ್ಕಿನ ಹಿಂದಿನಿಂದ ಮತ್ರಾಕ್ಕೆ ಇಳಿಯುವ ಹಳೆಯ ಕಾಲುದಾರಿ ಹಿಡಿದೆವು. ಚಪ್ಪಲಿಯಲ್ಲಿ ಹೋಗುವ ದಾರಿಯಲ್ಲ. ಈ ಬಂಡೆಯ ಮೈ ಉಪ್ಪುಕಾಗದಕ್ಕಿಂತ ಒರಟು: ಆಲಿವಿನ್ ಖನಿಜ ಬೇಗ ಸವೆದು, ಪೈರಾಕ್ಸೀನ್ ಹರಳುಗಳು ಮೊನಚಾಗಿ ಎದ್ದು ನಿಲ್ಲುತ್ತವೆ. ಬಿದ್ದಿದ್ದ ಒಂದು ಕಲ್ಲನ್ನು ಇನ್ನೊಂದಕ್ಕೆ ಕುಟ್ಟಿದ ಗೆಳೆಯ. ಹೊರಗಿನ ಕಂದು ಸಿಪ್ಪೆ ಹಾರಿ ಒಳಗಿನ ಕಡುಹಸಿರು ಕಾಣಿಸಿತು. ಅದರೊಳಗೆ ಜಾಲದಂತೆ ಹರಡಿದ ತೆಳು ಎಳೆಗಳು, ನೀರು ಹೊಕ್ಕು ಆಲಿವಿನ್ ಸರ್ಪೆಂಟೈನ್ ಎಂಬ ಬೇರೆ ಖನಿಜವಾಗಿರುವ ಗುರುತು. "ಹಾರ್ಜ್‌ಬರ್ಗೈಟ್" ಅಂದೆ, ಈ ಮ್ಯಾಂಟಲ್ ಬಂಡೆಯ ಹೆಸರು. "ಬ್ಯಾಂಕಿನಲ್ಲಿ ಅಷ್ಟಾದರೂ ಉಳಿಸಿದಾರಲ್ಲ" ಅಂದ.

ಸುಮಾರು 9.6 ಕೋಟಿ ವರ್ಷಗಳ ಹಿಂದೆ ಒಂದು ಸಾಗರತಳ ಹುಟ್ಟಿ, ಹೆಚ್ಚು ಕಾಲ ಕಳೆಯುವ ಮೊದಲೇ ಅರೇಬಿಯಾದ ಅಂಚಿನ ಮೇಲೇರಿ ಕೂತಿತು. ಸಾಮಾನ್ಯವಾಗಿ ಸಾಗರತಳ ಖಂಡದ ಕೆಳಗೆ ಜಾರಿ ಮಾಯವಾಗುತ್ತದೆ, ಇಲ್ಲಿ ಉಲ್ಟಾ. ಮೇಲಿನ ಲಾವಾ, ಅದರಡಿ ನಿಧಾನವಾಗಿ ತಣಿದು ಗಟ್ಟಿಯಾದ ಗ್ಯಾಬ್ರೊ ಕಲ್ಲು, ಅದರಡಿಯ ಮ್ಯಾಂಟಲ್, ಮೂರೂ ಒಂದೇ ಹಾಸಿನಂತೆ ಬಂದವು. ಸಮೈಲ್ ಓಫಿಯೊಲೈಟ್ ಎನ್ನುವ ಈ ಹಾಸು ಒಮಾನಿನಿಂದ ಯುಎಇವರೆಗೆ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಚಾಚಿದೆ.

ಸೂಕ್‌ನ (ಹಳೆಯ ಪೇಟೆಯ) ಬಾಯಲ್ಲಿ ಕರಕ್ ಚಹಾ ಕುಡಿಯುತ್ತ ಹಳೆಯ ಕಥೆ ಎತ್ತಿದೆವು. 1957ರಲ್ಲಿ ಹ್ಯಾರಿ ಹೆಸ್, ವಾಲ್ಟರ್ ಮಂಕ್ ಮೊದಲಾದ ಅಮೆರಿಕದ ವಿಜ್ಞಾನಿಗಳಿಗೆ, ಸಮುದ್ರತಳವನ್ನು ಕೊರೆದು ಮ್ಯಾಂಟಲ್ ಮುಟ್ಟೋಣ ಎಂಬ ಹುಚ್ಚು ಹತ್ತಿತು. ತೊಗಟೆಗೂ ಮ್ಯಾಂಟಲ್‌ಗೂ ನಡುವಿನ ಗಡಿಯನ್ನು 1909ರಲ್ಲಿ ಭೂಕಂಪದ ಅಲೆಗಳಿಂದ ಕಂಡುಹಿಡಿದವನು ಕ್ರೊಯೇಷಿಯಾದ ಮೊಹೊರೊವಿಚಿಚ್. ಅವನ ಹೆಸರಿನಿಂದಲೇ ಆ ಗಡಿ ಮೊಹೊ, ಈ ಯೋಜನೆ ಮೊಹೋಲ್. 1961ರಲ್ಲಿ ಮೆಕ್ಸಿಕೊದ ಗ್ವಾಡಲೂಪ್ ದ್ವೀಪದ ಬಳಿ, ಮೂರೂವರೆ ಕಿಲೋಮೀಟರ್ ನೀರಿನ ಕೆಳಗೆ 183 ಮೀಟರ್ ಕೊರೆದರು. ಕೆಸರು ದಾಟಿ ಬಸಾಲ್ಟ್ ಎಂಬ ಲಾವಾಕಲ್ಲು ಮುಟ್ಟಿದ್ದಷ್ಟೇ ಬಂತು. 1966ರಲ್ಲಿ ಹಣ ನಿಂತಿತು, ಯೋಜನೆ ಮುಚ್ಚಿತು. ಅಷ್ಟು ಪಾಡುಪಟ್ಟು ಸಿಗದ ವಸ್ತುವಿಗೆ ಒರಗಿಕೊಂಡು ನಾವು ನೂರು ಬೈಸಾದ ಚಹಾ ಕುಡಿಯುತ್ತಿದ್ದೆವು.

ಮಂಗಳವಾರ: ಫಂಜಾ, ವಾದಿ ಮನ್ಸಾ

ಮಸ್ಕತ್ ದಾಟಿದ ಮೇಲೆ ರಸ್ತೆ ಒಳನಾಡಿಗೆ ತಿರುಗುತ್ತದೆ. ಒಮಾನಿನ ಹೆದ್ದಾರಿ ಎಷ್ಟು ನುಣುಪೆಂದರೆ ನಿದ್ದೆ ಬರುತ್ತದೆ, ವೇಗದ ಕ್ಯಾಮೆರಾಗಳು ಎಬ್ಬಿಸುತ್ತವೆ. ದಾರಿಯಲ್ಲಿ ಪರೋಟಾದೊಳಗೆ ಚೀಸ್ ಸವರಿ, ಅದರ ಮೇಲೆ ಚಿಪ್ಸ್ ಒಮಾನ್ ಪ್ಯಾಕೆಟ್ ಒಡೆದು ಸುರಿದು ಸುತ್ತಿ ಕೊಟ್ಟರು. ಇಲ್ಲಿನವರ ಬಾಲ್ಯದ ತಿಂಡಿಯಂತೆ. ಮೊದಲ ತುತ್ತಿಗೆ ನಗು ಬಂತು, ಕೊನೆಯ ತುತ್ತಿಗೆ ಇನ್ನೊಂದು ಹೇಳಿದೆ. ಮಾಡಿಕೊಟ್ಟ ಹುಡುಗ ಕೋಯಿಕ್ಕೋಡಿನವನು. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ "ಮಂಗಳೂರಾ?" ಎಂದ. ಗಲ್ಫಿನಲ್ಲಿ ಕನ್ನಡಕ್ಕೆ ಇರುವ ಊರು ಅದೊಂದೇ. ನಾನು ಮಂಡ್ಯದವನು ಎಂದರೆ ನಂಬುವುದಿಲ್ಲ.

ಫಂಜಾದ ಹತ್ತಿರ ವಾದಿ ಮನ್ಸಾ ಎಂಬ ಒಣಹೊಳೆ. ಅಲ್ಲಿ ಕರಿಗುಡ್ಡಗಳ ನಡುವೆ ಒಮ್ಮೆಲೇ ತುಕ್ಕುಬಣ್ಣದ ಏಣು ಎದ್ದು ನಿಂತಿತ್ತು, ಸುತ್ತಲ ಬಂಡೆಯೆಲ್ಲ ಪುಡಿಯಾದರೂ ಅದು ಮಾತ್ರ ಕುಸಿದಿಲ್ಲ. ಲಿಸ್ಟ್‌ವೆನೈಟ್. ಮ್ಯಾಂಟಲ್ ಬಂಡೆ ತನ್ನಲ್ಲಿದ್ದ ಮೆಗ್ನೀಸಿಯಂ ಅಷ್ಟನ್ನೂ ಇಂಗಾಲದ ಡೈಆಕ್ಸೈಡ್‌ಗೆ ಒಪ್ಪಿಸಿದರೆ ಉಳಿಯುವುದು ಇದು: ಮ್ಯಾಗ್ನಸೈಟ್ ಮತ್ತು ಸ್ಫಟಿಕಶಿಲೆ. ಆಲಿವಿನ್‌ನ ಹೆಸರೇ ಇಲ್ಲ. ಓಫಿಯೊಲೈಟ್ ಅರೇಬಿಯಾದ ಮೇಲೆ ಏರುತ್ತಿದ್ದಾಗ ಕೆಳಗೆ ಸಿಕ್ಕಿಕೊಂಡ ಕೆಸರು, ಸುಣ್ಣಕಲ್ಲು ಬಿಸಿಯಾಗಿ ಉಸಿರಿದ ಅನಿಲವನ್ನು ಈ ಬಂಡೆ ಕುಡಿಯಿತು.

ಎಂ.ಎಸ್ಸಿಯಲ್ಲಿ ನಮ್ಮನ್ನು ಮೈಸೂರಿನ ಹತ್ತಿರದ ದೊಡ್ಡಕಾನ್ಯದ ಮ್ಯಾಗ್ನಸೈಟ್ ಗಣಿಗೆ ಕರೆದುಕೊಂಡು ಹೋಗಿದ್ದರು. ಬಿಳಿ ಕಲ್ಲು, ಬಿರುಬಿಸಿಲು, ಬುತ್ತಿಯ ಚಿತ್ರಾನ್ನ ನೆನಪಿದೆ. ಮೇಷ್ಟ್ರು ಹೇಳಿದ್ದು ನೆನಪಿಲ್ಲ. ವಾದಿ ಮನ್ಸಾದಲ್ಲಿ ಗೆಳೆಯ ಅದನ್ನೇ ಹೇಳಿದ. ಅದೂ ಹೀಗೆಯೇ ಆದದ್ದು, ಮೆಗ್ನೀಸಿಯಂ ತುಂಬಿದ ಬಂಡೆಯೂ ಇಂಗಾಲದ ಡೈಆಕ್ಸೈಡೂ ಕೂಡಿ. ನಮ್ಮ ಬಂಡೆ ಇನ್ನೂ ನೂರಾರು ಕೋಟಿ ವರ್ಷ ಹಳೆಯದು, ಅಷ್ಟೇ.

ಈ ಏಣಿನ ಹತ್ತಿರವೇ, ಈ ಬಂಡೆಗಳನ್ನು ಕೊರೆದು ಓದುವ ಒಮಾನ್ ಡ್ರಿಲ್ಲಿಂಗ್ ಪ್ರಾಜೆಕ್ಟ್‌ನವರು 300 ಮೀಟರ್ ಕೊರೆದಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪೀಟರ್ ಕೆಲೆಮನ್, ಸೌತಾಂಪ್ಟನ್ನಿನ ಯೂರ್ಗ್ ಮ್ಯಾಟರ್, ಡೇಮನ್ ಟೀಗಲ್ ಮುಂತಾದವರು ಮುಂದೆ ನಿಂತು 2016ರ ಕೊನೆಯಿಂದ 2018ರವರೆಗೆ, ಎರಡು ಚಳಿಗಾಲ ನಡೆಸಿದ ಕೆಲಸ. ಮೇಲಿನ ಸುಮಾರು 200 ಮೀಟರ್ ಲಿಸ್ಟ್‌ವೆನೈಟ್, ನಡುನಡುವೆ ಸರ್ಪೆಂಟೈನ್ ಪಟ್ಟೆ. ಆಮೇಲೆ ಓಫಿಯೊಲೈಟ್ ಜಾರಿ ಬಂದ ತಳವೇ ಸಿಕ್ಕಿತು, ಬೆಂದು ರೂಪಾಂತರಗೊಂಡ ಬಂಡೆ. ಏಣಿನ ಮೇಲೆ ಎಷ್ಟು ಅಲೆದರೂ ಆ ತಳ ಹೀಗೆ ಅಖಂಡವಾಗಿ ಕಾಣುವುದಿಲ್ಲ. ಕಣ್ಣಿಗೆ ಕಾಣುತ್ತಿರುವ ಬಂಡೆಯನ್ನು ಕೊರೆಯುವುದು ಯಾಕೆ ಎಂದು ಮನೆಯಲ್ಲಿ ಹೆಂಡತಿ ಕೇಳಿದ್ದಳು. ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಇಬ್ರಾ ಸೇರುವಾಗ ಕತ್ತಲಾಗಿತ್ತು, ಸ್ವೆಟರ್ ಬೇಕಾಯಿತು. ಒಮಾನಿಗೆ ಸ್ವೆಟರ್ ಯಾಕೆ ಎಂದು ಬೆಂಗಳೂರಿನಲ್ಲಿ ನಕ್ಕಿದ್ದವರಿಗಾಗಿ ಬರೆಯುತ್ತಿದ್ದೇನೆ.

ಬುಧವಾರ: ಇಬ್ರಾ, ವಾದಿ ಲವೈನಿ

ಇಬ್ರಾದಲ್ಲಿ ಬುಧವಾರ ಬೆಳಿಗ್ಗೆ ಹೆಂಗಸರ ಸಂತೆ. ಮಾರುವವರೂ ಅವರೇ, ಕೊಳ್ಳುವವರೂ ಅವರೇ. ಗಂಡಸರು ಹೊರಗೆ ಕಾರಿನಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತಾರೆ. ನಾವೂ ಆ ಸಾಲಿಗೆ ಸೇರಿದೆವು. ಗೆಳೆಯನ ಹೆಂಡತಿ ಒಳಗೆ ಹೋಗಿ ಖರ್ಜೂರ, ಏಲಕ್ಕಿ, ಕೈಯಿಂದ ಹೆಣೆದ ಬುಟ್ಟಿ ಹಿಡಿದು ಬಂದರು. ಹಳೆಯ ಇಬ್ರಾದ ಮಣ್ಣಿನ ಬಂಗಲೆಗಳನ್ನೂ ನೋಡಬೇಕು: ಜಾಂಜಿಬಾರಿನ ವ್ಯಾಪಾರದಲ್ಲಿ ಗಳಿಸಿದವರು ಕಟ್ಟಿದ್ದು. ಈಗ ಬಾಗಿಲ ಚೌಕಟ್ಟುಗಳು ಆಕಾಶ ನೋಡುತ್ತಿವೆ.

ಊರಿನ ಉತ್ತರಕ್ಕೆ ಬೆಟ್ಟಸಾಲಿನ ಒಳಗೆ ವಾದಿ ಲವೈನಿ. ಅದೇ ಪ್ರಾಜೆಕ್ಟಿನವರು ಅಲ್ಲಿ ಕೊರೆದ ಬಾವಿಗಳನ್ನು ನೋಡಲು ಹೊರಟೆವು. ಡಾಂಬರು ಬೇಗ ಮುಗಿಯಿತು. ಆಮೇಲೆ ಜಲ್ಲಿ, ಜಲ್ಲಿ, ಇನ್ನೂ ಜಲ್ಲಿ. ಮೊಬೈಲಿನ ನಕ್ಷೆ ನಮ್ಮನ್ನು ಯಾರದೋ ಖರ್ಜೂರದ ತೋಟದೊಳಗೆ ಕರೆದೊಯ್ದು, "ನೀವು ತಲುಪಿದ್ದೀರಿ" ಎಂದಿತು. ತೋಟದ ಬಾಂಗ್ಲಾದೇಶಿ ಕೆಲಸಗಾರ ನಗುತ್ತ ಕೈ ತೋರಿಸಿದ; ಅವನಿಗೆ ಇದು ರೂಢಿಯಂತೆ. ಈ ಕಡೆ ಹೋಗುವವರು ಫೋರ್‌ವೀಲ್ ಗಾಡಿ ಬಿಟ್ಟು ಬೇರೆಯದನ್ನು ನೆಚ್ಚಬಾರದು. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಂಡಿದ್ದರೂ ಎದುರಿಗೆ ಸಿಕ್ಕವರನ್ನು ಕೇಳುವುದೇ ಮೇಲು.

ಇನ್ನೊಂದು ತಿರುವಿನಲ್ಲಿ ಹಿಂದಿನ ಚಕ್ರ ಹೋಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು. ಆದರೆ ಜಾಕ್ ಎತ್ತಿದಷ್ಟೂ ಜಲ್ಲಿಯೊಳಗೆ ಇಳಿಯುತ್ತಿತ್ತು. ಗಾಡಿ ಮಾತ್ರ ಇದ್ದಲ್ಲೇ. ಅರ್ಧ ಗಂಟೆ ಹೀಗೇ ಕಳೆದ ಮೇಲೆ ಹಳೆಯ ಪಿಕಪ್ ಒಂದು ಬಂದು ನಿಂತಿತು. ಇಳಿದವರು ಬಿಳಿ ಗಡ್ಡದ ಅಜ್ಜ, ಹಿಂದೆ ಮೇಕೆಗಳು. ಅಜ್ಜ ಜಾಕ್ ನೋಡಿ ನಾಲಿಗೆ ಲೊಚಗುಟ್ಟಿ, ಹೊಳೆಯಂಚಿಗೆ ಹೋಗಿ ಒಂದು ಚಪ್ಪಟೆ ಕಲ್ಲು ಹೊತ್ತು ತಂದು ಅಡಿಗೆ ಇಟ್ಟರು. ಗಾಡಿ ಎದ್ದಿತು. ಆ ಕಲ್ಲನ್ನು ನಾನು ಸುಮ್ಮನೆ ತಿರುಗಿಸಿ ನೋಡಿದೆ: ಡ್ಯೂನೈಟ್. ಮ್ಯಾಂಟಲ್‌ನೊಳಗೆ ಕರಗಿದ ಶಿಲೆ ಮೇಲೇರಿದ ದಾರಿಯಲ್ಲಿ ಉಳಿಯುವ ಆಲಿವಿನ್ ಬಂಡೆ.

ಅಜ್ಜ ಹುಡುಗನಾಗಿದ್ದಾಗ ಜಾಂಜಿಬಾರಿನಲ್ಲಿದ್ದವರು. ಸ್ವಾಹಿಲಿ ಬರುತ್ತಿತ್ತು, ನಮಗೆ ಬಾರದು. ಗೆಳೆಯನ ಅರಬ್ಬಿ, ಅಜ್ಜನ ಮುರುಕು ಹಿಂದಿ, ನಡುವೆ ಕೈಸನ್ನೆ. ಫ್ಲಾಸ್ಕಿನಿಂದ ಕಹ್ವಾ, ಅಂದರೆ ಅರಬ್ಬಿ ಕಾಫಿ, ಬಗ್ಗಿಸಿದರು. ಸಾಕೆಂದರೆ ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಆ ಬಾವಿಗಳನ್ನು ನೋಡಲು ನಾವು ಬಂದದ್ದೆಂದು ತಿಳಿದು ಅವರ ಮುಖ ಅರಳಿತು.

"ರಾತ್ರಿಯೂ ದೀಪ ಹಾಕಿಕೊಂಡು ಕೊರೆದರು" ಎಂದರು. "ಎಲ್ಲ ದೇಶದವರಿದ್ದರು, ಹುಡುಗಿಯರೂ ಇದ್ದರು. ನಾನು ದಿನಾ ಕೇಳುತ್ತಿದ್ದೆ, ನೀರು ಬಂತಾ? ಬಂತು ಅನ್ನುವರು. ಆದರೆ ನೀರು ಬಿಟ್ಟು ಕಲ್ಲು ತೆಗೆದುಕೊಂಡು ಹೋದರು!" ಹೇಳಿ ತೊಡೆ ತಟ್ಟಿಕೊಂಡು ನಕ್ಕರು. ನಾವು ಮಾತಿನಲ್ಲಿ ಮುಳುಗಿದ್ದಾಗ ಬೆಳಿಗ್ಗೆಯ ಸಂತೆಯ ಖರ್ಜೂರವನ್ನು ತೆರೆದ ಡಿಕ್ಕಿಯಿಂದ ಎಳೆದು ಅವರ ಮೇಕೆಗಳು ಪೂರೈಸಿದವು. ಅಜ್ಜ ಅದಕ್ಕೂ ನಕ್ಕರು. ಗೆಳೆಯನ ಹೆಂಡತಿ ನಗಲಿಲ್ಲ.

ಅಜ್ಜನ ಪ್ರಶ್ನೆಯನ್ನು ಕೋಲಾರದಲ್ಲೋ ಚಿತ್ರದುರ್ಗದಲ್ಲೋ ಯಾರಾದರೂ ಕೇಳುತ್ತಿದ್ದರು. ನಮ್ಮ ಕಡೆ ತಿರುಚೆಂಗೋಡಿನ ಲಾರಿ ಬಂದು ಬೋರ್ ಕೊರೆದರೆ ಮೇಲೆ ಬರುವುದು ಕಲ್ಲಿನ ಪುಡಿ. ಸುತ್ತಿಗೆ ಬಂಡೆಯನ್ನು ಪುಡಿಗುಟ್ಟುತ್ತದೆ, ಗಾಳಿ ಅದನ್ನು ಊದಿ ಎಸೆಯುತ್ತದೆ, ಬೇಕಾದದ್ದು ತೂತು. ಇಲ್ಲಿ ಬೇಕಾದದ್ದು ತೂತಿನೊಳಗಿನ ಕಲ್ಲು. ವಜ್ರದ ಹರಳು ಹುದುಗಿಸಿದ ಪೊಳ್ಳು ಬಿಟ್ ಬಂಡೆಯನ್ನು ಉಂಗುರದಂತೆ ಸವೆಸುತ್ತ ಇಳಿಯುತ್ತದೆ. ನಡುವೆ ಉಳಿದ ಕಂಬವನ್ನು ತುಂಡುತುಂಡಾಗಿ ತಂತಿಯಿಂದ ಮೇಲೆಳೆದು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಯಾವ ತುಂಡು ಎಷ್ಟು ಆಳದ್ದು, ಯಾವ ತುದಿ ಮೇಲಿನದು ಎಂಬ ಲೆಕ್ಕ ತಪ್ಪಿದರೆ ಎಲ್ಲ ವ್ಯರ್ಥ. ಆದ್ದರಿಂದ ಕೆಲಸ ನಿಧಾನ. ಒಟ್ಟು ಸುಮಾರು 3,200 ಮೀಟರ್ ಕಲ್ಲುಕಂಬ ಹೊರಬಂತು. ಅದನ್ನು ಹಡಗಿನಲ್ಲಿ ಜಪಾನಿಗೆ ಕಳಿಸಿ, ಶಿಮಿಜು ಬಂದರಿನಲ್ಲಿ ಲಂಗರು ಹಾಕಿದ್ದ ಚಿಕ್ಯು ಎಂಬ ಕೊರೆಯುವ ಹಡಗಿನ ಪ್ರಯೋಗಾಲಯದಲ್ಲಿ, ಹಗಲು ರಾತ್ರಿ ಪಾಳಿಯ ಮೇಲೆ ವಿಜ್ಞಾನಿಗಳು ತುಂಡುತುಂಡೂ ಪರೀಕ್ಷಿಸಿದರು. ಸಮುದ್ರತಳ ಕೊರೆಯಲು ಕಟ್ಟಿದ ಹಡಗು ಬಂದರು ಬಿಟ್ಟು ಕದಲದೆ ಮರುಭೂಮಿಯ ಕಲ್ಲು ಓದಿತು! ಆಸ್ಪತ್ರೆಯಲ್ಲಿ ಮಾಡುವ ಸಿ.ಟಿ. ಸ್ಕ್ಯಾನ್ ಕೂಡ ಅಲ್ಲಿ ಈ ಕಲ್ಲುಗಳಿಗೆ ಆಯಿತು.

ಬಾವಿಗಳ ಹತ್ತಿರ ಅಜ್ಜನೇ ಮುಂದೆ ಪಿಕಪ್ ಓಡಿಸಿಕೊಂಡು ಹೋಗಿ ಬಿಟ್ಟರು. ಕಾಣುವುದಾದರೂ ಏನು? ಸುತ್ತ ಕಂದುಗುಡ್ಡ, ನಡುವೆ ಜಲ್ಲಿಯ ಬಯಲು, ಅದರಲ್ಲಿ ಅಲ್ಲೊಂದು ಇಲ್ಲೊಂದು ಮುಚ್ಚಳ ಬಿಗಿದ ಉಕ್ಕಿನ ಕೊಳವೆ. ಗೆಳೆಯನ ಹೆಂಡತಿ, "ಇದಕ್ಕಾ ಬೆಂಗಳೂರಿಂದ ಬಂದದ್ದು?" ಅಂದರು. ನನಗೆ ಮೈ ಜುಮ್ಮೆಂದಿತು ಎಂದು ಬರೆದರೆ ಸುಳ್ಳಾಗುವುದಿಲ್ಲ. ಕೊಳವೆಯ ಕೆಳಗೆ 400 ಮೀಟರ್ ಆಳಕ್ಕೆ ಮ್ಯಾಂಟಲ್ ಬಂಡೆ, ಅದರ ಬಿರುಕುಗಳಲ್ಲಿ ಇವತ್ತಿಗೂ ನಡೆಯುತ್ತಿರುವ ಅಡುಗೆ. ಮಳೆನೀರು ಇಳಿಯುತ್ತದೆ, ಆಲಿವಿನ್‌ನ ಕಬ್ಬಿಣ ನೀರಿನ ಆಮ್ಲಜನಕವನ್ನು ಕಿತ್ತುಕೊಂಡು ತುಕ್ಕಾಗುತ್ತದೆ, ಉಳಿದ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಬೆಳಕೇ ಇಲ್ಲದ ಆಳದಲ್ಲಿ ಆ ಹೈಡ್ರೋಜನ್ ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಕೊಲರಾಡೊ ವಿಶ್ವವಿದ್ಯಾಲಯದ ಅಲೆಕ್ಸಿಸ್ ಟೆಂಪಲ್‌ಟನ್ ಅವರ ತಂಡ ಈ ಬಾವಿಗಳ ನೀರೆತ್ತಿ ಅವನ್ನೇ ಅಭ್ಯಾಸ ಮಾಡುತ್ತಿದೆ. ಮೇಲ್ಮೈಯ ಕಲ್ಲು ಬಿಸಿಲು ಮಳೆಗೆ ಎಂದೋ ಕೆಟ್ಟದ್ದು. ಗಾಳಿ ಸೋಕಿದ ಕೂಡಲೇ ಅನಿಲ ಹಾರಿಹೋಗುತ್ತದೆ. ಕೊರೆಯದೆ ಇದನ್ನು ಹಿಡಿಯುವ ದಾರಿಯಿಲ್ಲ. ಹೆಂಡತಿಯ ಪ್ರಶ್ನೆಯ ಉಳಿದರ್ಧ ಉತ್ತರವನ್ನು ಅಲ್ಲಿಂದಲೇ ವಾಟ್ಸ್‌ಆ್ಯಪ್ ಮಾಡೋಣವೆಂದರೆ ಸಿಗ್ನಲ್ ಇರಲಿಲ್ಲ.

ಗುರುವಾರ: ಮೊಹೊ ಮತ್ತು ಸುಣ್ಣದ ತಿಳಿ

ರಾತ್ರಿ ಮೋಡ ಕವಿದಿತ್ತು. ಗೆಳೆಯ ಏಳುವ ಮೊದಲೇ ಹವಾಮಾನದ ಸಂದೇಶ ನೋಡಿದ. ಇಲ್ಲಿ ಎಲ್ಲೋ ಬೆಟ್ಟದ ಮೇಲೆ ಮಳೆ ಬಿದ್ದರೆ ಒಣ ವಾದಿಯಲ್ಲಿ ಗಳಿಗೆಯಲ್ಲಿ ಹೊಳೆ ಬರುತ್ತದೆ. ನೀರು ಹರಿಯುತ್ತಿರುವ ವಾದಿಗೆ ಗಾಡಿ ಇಳಿಸಿದರೆ ಪ್ರಾಣಕ್ಕೂ ಅಪಾಯ, ಪೊಲೀಸರೂ ಬಿಡುವುದಿಲ್ಲ. ಒಂಬತ್ತರ ಹೊತ್ತಿಗೆ ಬಿಸಿಲು ಬಂತು, ಹೊರಟೆವು.

ವಾದಿ ಜೀಬ್ ಕಡೆಯದು ಚಿಕ್ಕ ಭೇಟಿ. ತೊಗಟೆ ಮುಗಿದು ಮ್ಯಾಂಟಲ್ ಶುರುವಾಗುವ ಗಡಿಯನ್ನೇ ಕೊರೆದ ಜಾಗ ಅದು. ನಮ್ಮ ಪಠ್ಯದಲ್ಲಿ ಮೊಹೊ ಎಂದರೆ ಸ್ಕೇಲಿಟ್ಟು ಎಳೆದ ಒಂದು ಗೆರೆ. ಇಲ್ಲಿ ಸುಮಾರು 160 ಮೀಟರ್‌ವರೆಗೆ ಗ್ಯಾಬ್ರೊ, ಆಮೇಲೆ ಸುಮಾರು 150 ಮೀಟರ್ ಡ್ಯೂನೈಟ್, ಅದು ದಾಟಿದ ಮೇಲೆ ಹಾರ್ಜ್‌ಬರ್ಗೈಟ್. ಗಡಿಗೇ ಅಷ್ಟು ದಪ್ಪ! ಎದುರಿನ ಗುಡ್ಡದಲ್ಲಿ ಬೂದು ಪಟ್ಟೆಗಳು ಎಲ್ಲಿ ನಿಂತು ಕಂದು ಎಲ್ಲಿ ಶುರುವಾಯಿತೆಂದು ಗೆಳೆಯ ಬೆರಳಿಟ್ಟು ತೋರಿಸಿದ. ನಾನು ಬೇರೆ ಕಡೆ ಬೆರಳಿಟ್ಟೆ. ಇಬ್ಬರೂ ಸರಿ ಇರಬಹುದು.

ಮಧ್ಯಾಹ್ನ ಹೋದದ್ದು ಒಂದು ಕ್ಷಾರದ ಊಟೆಗೆ. ಊರಿನ ಹೆಸರು ಬರೆಯುವುದಿಲ್ಲ. ಜಾಗ ಪುಟ್ಟದು, ತುಳಿದರೆ ಮುರಿಯುವಂಥದ್ದು, ಇನ್‌ಸ್ಟಾಗ್ರಾಂ ಅಲ್ಲಿಗೆ ತಲುಪದಿರಲಿ. ಕಪ್ಪು ಬಂಡೆಯ ಬುಡದಿಂದ ಜಿನುಗುವ ನೀರು, ಹಾಲುಬಿಳುಪಿನ ಮೆಟ್ಟಿಲು ಮೆಟ್ಟಿಲಾದ ಹಾಸು, ನಡುವೆ ತಿಳಿನೀಲಿ ಕೊಳಗಳು. ಮೇಲೆ ಕಾಗದದಷ್ಟು ತೆಳ್ಳಗೆ ಕೆನೆ ಕಟ್ಟಿತ್ತು. ಎಲೆಅಡಿಕೆಗೆ ಸುಣ್ಣ ಬೇಯಿಸುವ ನಮ್ಮಜ್ಜಿ ತಿಳಿಯನ್ನು ಗಡಿಗೆಯಲ್ಲಿ ಬಿಟ್ಟಾಗ ಮಾರನೆಯ ದಿನ ಕಟ್ಟುತ್ತಿದ್ದ ಕೆನೆಯೂ ಇದೇ. ಹೋಲಿಕೆಯಲ್ಲ, ರಸಾಯನವೇ ಒಂದು. ಮ್ಯಾಂಟಲ್ ಬಂಡೆಯೊಳಗೆ ಬಹುಕಾಲ ಸುತ್ತಿದ ನೀರು ಮೆಗ್ನೀಸಿಯಂ ಕಳೆದುಕೊಂಡು, ಕ್ಯಾಲ್ಸಿಯಂ ತುಂಬಿಕೊಂಡು, ಪಿಎಚ್ 11 ದಾಟಿ ಹೊರಬರುತ್ತದೆ. ಗಾಳಿ ತಾಗಿದ್ದೇ ತಡ, ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣಕಲ್ಲಾಗುತ್ತದೆ. ಬೆರಳದ್ದಿದರೆ ಸಾಬೂನಿನಂತೆ ಜಾರುತ್ತದೆ. ಕಣ್ಣಿಗೆ ಮುಟ್ಟಿಸಿಕೊಳ್ಳಬಾರದು, ಕೈ ತೊಳೆಯಲು ಸಿಹಿನೀರಿನ ಬಾಟಲಿ ಜೊತೆಗಿರಲಿ.

ಕೆಲೆಮನ್ ಮತ್ತು ಮ್ಯಾಟರ್ 2008ರಲ್ಲಿ ಇದನ್ನು ಅಳೆದು ಬರೆದಾಗ ಜಗತ್ತು ಕಿವಿ ನಿಮಿರಿಸಿತು. ಈ ಬಂಡೆಗಳಲ್ಲಿರುವ ಬಿಳಿ ಎಳೆಗಳು ಕೋಟ್ಯಂತರ ವರ್ಷ ಹಳೆಯವೆಂದೇ ಎಲ್ಲರೂ ತಿಳಿದಿದ್ದರು. ರೇಡಿಯೊ ಕಾರ್ಬನ್ ಹೇಳಿದ ಸರಾಸರಿ ವಯಸ್ಸು ಸುಮಾರು 26,000 ವರ್ಷ. ಅಂದರೆ ಕೆಲಸ ಮುಗಿದಿಲ್ಲ, ನಡೆಯುತ್ತಿದೆ. ಒಮಾನಿನ ಬಂಡೆಗಳು ಯಾರೂ ಹೇಳದೆ ವರ್ಷಕ್ಕೆ 10,000ದಿಂದ 1,00,000 ಟನ್‌ವರೆಗೆ ಇಂಗಾಲದ ಡೈಆಕ್ಸೈಡನ್ನು ಕಲ್ಲು ಮಾಡುತ್ತಿವೆ ಎಂದು ಅವರ ಅಂದಾಜು. ಕಾರ್ಖಾನೆಗಳ ಹೊಗೆಯೆದುರು ಇದು ಏನೂ ಅಲ್ಲ. ಆದರೆ ಆ ಅನಿಲವನ್ನು ನೀರಿನಲ್ಲಿ ಕರಗಿಸಿ ಆಳಕ್ಕೆ ಇಳಿಸಿದರೆ ವೇಗ ಹೆಚ್ಚಿಸಬಹುದೇ? ಒಮಾನಿನದೇ 44.01 ಎಂಬ ಕಂಪನಿ ಅದನ್ನೇ ಮಾಡಹೊರಟು 2022ರಲ್ಲಿ ಪರಿಸರದ ಕೆಲಸಕ್ಕೆ ಕೊಡುವ ಅರ್ಥ್‌ಶಾಟ್ ಪ್ರಶಸ್ತಿ ಪಡೆಯಿತು. ಕಂಪನಿಯ ಹೆಸರೇ ಇಂಗಾಲದ ಡೈಆಕ್ಸೈಡಿನ ಅಣುತೂಕ. ನನಗೆ ಈ ವಿಷಯದಲ್ಲಿ ಅರ್ಧ ನಂಬಿಕೆ, ಅರ್ಧ ಅನುಮಾನ. ಬಂಡೆ ಒಪ್ಪುತ್ತದೆ, ಲೆಕ್ಕಪತ್ರ ಒಪ್ಪಬೇಕು. ಮರುಭೂಮಿಯಲ್ಲಿ ಅಷ್ಟು ನೀರನ್ನೂ ಹೊಂದಿಸಬೇಕು.

ಅಟ್ಲಾಂಟಿಕ್ ಸಾಗರದ ನಡುವೆ ಇಂಥದ್ದೇ ಊಟೆಗಳಿವೆ, 2000ದಲ್ಲಿ ಸಿಕ್ಕವು. ಲಾಸ್ಟ್ ಸಿಟಿ ಎಂದು ಹೆಸರು. ಅಲ್ಲಿ ಬಿಳಿ ಸುಣ್ಣದ ಗೋಪುರಗಳು ಕತ್ತಲ ನೀರಿನಲ್ಲಿ 60 ಮೀಟರ್‌ವರೆಗೆ ಬೆಳೆದು ನಿಂತಿವೆ. ಅವು ನಿಂತ ಅಟ್ಲಾಂಟಿಸ್ ಮ್ಯಾಸಿಫ್ ಎಂಬ ಕಡಲಡಿಯ ಬೆಟ್ಟದ ಆ ಭಾಗವೂ ಹೆಚ್ಚಾಗಿ ಮ್ಯಾಂಟಲ್ ಬಂಡೆಯೇ. ದೊಡ್ಡ ಬಿರುಕೊಂದರ ಉದ್ದಕ್ಕೂ ಜಾರಿ ಮೇಲೆ ಬಂದದ್ದು. 2023ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗಿನವರು ಅಲ್ಲಿ ಒಂದು ಬಾವಿ ಶುರು ಮಾಡಿದರು. ಅದುವರೆಗೆ ಸಮುದ್ರದಡಿಯ ಮ್ಯಾಂಟಲ್ ಬಂಡೆಯಲ್ಲಿ ಇಳಿದದ್ದು 200 ಮೀಟರ್ ಆಸುಪಾಸು, ಅದೂ 1993ರಲ್ಲಿ. ಈ ಸಲ ಬಿಟ್ ಇಳಿಯುತ್ತಲೇ ಹೋಯಿತು, 1,268 ಮೀಟರ್. ಕೊರೆದದ್ದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕಲ್ಲು ಕೈಗೆ ಸಿಕ್ಕಿತು. ಒಡಕಲು ಸರ್ಪೆಂಟೈನ್‌ನಲ್ಲಿ ಅದು ಪವಾಡವೇ ಸರಿ. ಮರುವರ್ಷ ಆ ಹಡಗಿನ ಕೆಲಸವನ್ನೇ ನಿಲ್ಲಿಸಿದರು. ದುಡ್ಡಿನ ಮಾತು. ಉಳುವ ಎತ್ತಿನ ಹಗ್ಗ ಬಿಚ್ಚಿ ಕಟುಕನಿಗೆ ಕೊಟ್ಟಂತೆ ಎಂದು ಗೆಳೆಯ ಬೈದ. ನಾನು ಬ್ಯಾಂಕಿನವನು, ಸುಮ್ಮನಿದ್ದೆ.

ಶುಕ್ರವಾರ: ನಿಜ್ವಾ

ಮೇಕೆಸಂತೆಗೆ ಆರೂವರೆಗೇ ಹೋಗಬೇಕು, ಒಂಬತ್ತಕ್ಕೆ ಮುಗಿದಿರುತ್ತದೆ. ವೃತ್ತದ ನಡುವೆ ಕೊಳ್ಳುವವರು, ಸುತ್ತಲೂ ಹಗ್ಗ ಹಿಡಿದು ಓಡುತ್ತ ಬೆಲೆ ಕೂಗುವ ಮಾರುವವರು. ಮೇಕೆಗಳ ಮುಖ ನೋಡಿ ನಮ್ಮ ಖರ್ಜೂರದ ಕಳ್ಳರ ನೆನಪಾಯಿತು. ಜುಮ್ಮಾ ನಮಾಜು ಮುಗಿಯುವವರೆಗೆ ಅಂಗಡಿಗಳು ಮುಚ್ಚಿದ್ದವು; ಹಸಿವಿನಲ್ಲಿ ಕೋಟೆ ಸುತ್ತಿದೆವು. ಕೋಟೆಯ ಬಗ್ಗೆ ಬರೆದವರು ಬಹಳ ಜನರಿದ್ದಾರೆ. ಸಂಜೆಗೆ ಮಸ್ಕತ್.

ಶನಿವಾರ: ವಾದಿ ಜಿಜ್ಜಿ

ಸೋಹಾರ್‌ವರೆಗೆ ಕರಾವಳಿಯ ನೇರ ದಾರಿ, ಅಲ್ಲಿಂದ ಬುರೈಮಿ ಕಡೆಗೆ ಒಳಕ್ಕೆ. ಇಷ್ಟು ದಿನ ಬುಡ ನೋಡಿದ್ದಾಯಿತು, ಇದು ನೆತ್ತಿ. ಹೊಳೆಯಂಚಿನಲ್ಲಿ ಲಾವಾ ದಿಂಬುಗಳ ಗೋಡೆ, ಒಂದರ ಮೇಲೊಂದು, ಒಂದರ ತಗ್ಗಿಗೆ ಇನ್ನೊಂದರ ಹೊಟ್ಟೆ ಇಳಿಬಿದ್ದು. ಸಮುದ್ರತಳದಲ್ಲಿ ಲಾವಾ ಉಕ್ಕಿ ತಣ್ಣೀರು ಸೋಕಿದಾಗ ಆದ ಉಂಡೆಗಳು. 1975ರಲ್ಲಿ ಜಿಯೊಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಈ ಗೋಡೆಯ ಚಿತ್ರ ಬಂದು, ಈ ಲಾವಾಕ್ಕೇ ಪತ್ರಿಕೆಯ ಹೆಸರು ಅಂಟಿಕೊಂಡಿತು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಇಂಥದ್ದೇ ದಿಂಬುಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇವಕ್ಕಿಂತ ಎಷ್ಟೋ ಹಳೆಯವು. ನಾವಿಬ್ಬರೂ ವಿದ್ಯಾರ್ಥಿಗಳಾಗಿದ್ದಾಗ ಅದರ ಮುಂದೆ ನಿಂತ ಫೋಟೊ ಅವನ ಮೊಬೈಲಿನಲ್ಲಿತ್ತು. ಇಬ್ಬರಿಗೂ ಕೂದಲು ಇತ್ತು.

ಇದೇ ಬೆಟ್ಟಗಳಲ್ಲಿ ತಾಮ್ರವೂ ಇದೆ. ಮೆಸೊಪೊಟೇಮಿಯಾದವರು ಮಗನ್ ಎಂದು ಕರೆದು ತಾಮ್ರ ತರಿಸಿಕೊಳ್ಳುತ್ತಿದ್ದ ನಾಡು ಇದೇ ಎನ್ನುತ್ತಾರೆ. ಕಲ್ಲಿನ ಮೇಲೆ ಹಸಿರು ಚುಕ್ಕೆ ಕಂಡಾಗಲೆಲ್ಲ ಗೆಳೆಯ ಗಾಡಿ ನಿಲ್ಲಿಸುತ್ತಿದ್ದ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಸೋಹಾರಿನಲ್ಲಿ ಸುಟ್ಟ ಮೀನು, ಅನ್ನ, ನಿಂಬೆ ಹಿಂಡಿದ ಈರುಳ್ಳಿ. ವಾಪಸು ದಾರಿಯಲ್ಲಿ ಜಗಳ ಶುರುವಾಯಿತು. ಮನುಷ್ಯ ಮ್ಯಾಂಟಲ್ ಕೊರೆದಿದ್ದಾನೆಯೇ ಇಲ್ಲವೇ? ಕೊರೆದಾಯಿತು, 1,268 ಮೀಟರ್ ಸಾಲದೇ ಎಂದು ಅವನು. ಅದು ತಾನಾಗಿ ಮೇಲೆ ಬಂದ ಮ್ಯಾಂಟಲ್, ಒಮಾನಿನದೂ ಹಾಗೆಯೇ. ತೊಗಟೆಯನ್ನು ಪೂರ್ತಿ ದಾಟಿ, ಮೊಹೊ ತೂರಿ, ಇದ್ದಲ್ಲೇ ಇರುವ ಮ್ಯಾಂಟಲ್ ಮುಟ್ಟಿದವರು ಯಾರೂ ಇಲ್ಲ, 1957ರ ಕೆಲಸ ಹಾಗೇ ಬಾಕಿ ಎಂದು ನಾನು. ಹಾಗಾದರೆ ಕಡಲಲ್ಲಿ ಆರು ಕಿಲೋಮೀಟರ್ ಕೊರೆದು ಒಂದು ಹಿಡಿ ಕಲ್ಲು ತರುವುದು ಹೆಚ್ಚೋ, ಇಲ್ಲಿ ಕಾಲಿಟ್ಟಲ್ಲೆಲ್ಲ ಕೊರೆಯುವುದು ಹೆಚ್ಚೋ ಎಂದ. ಎರಡೂ ಬೇಕು ಎಂದೆ. ಇಲ್ಲಿನದನ್ನು ಮೇಲೇರುವಾಗಿನ ತಿಕ್ಕಾಟ, ಆಮೇಲಿನ ಮಳೆನೀರು ಬದಲಿಸಿವೆ. ಅಲ್ಲಿನದನ್ನು ಕಡಲನೀರು ಬದಲಿಸುತ್ತಿದೆ. ಯಾವುದು ಯಾರ ಕೈವಾಡವೆಂದು ತಿಳಿಯಲು ಎರಡು ಪೆಟ್ಟಿಗೆಯ ಕಲ್ಲುಗಳನ್ನೂ ಪಕ್ಕಪಕ್ಕ ಇಡಲೇಬೇಕು. ಹಿಂದಿನ ಸೀಟಿನಿಂದ ಅವನ ಹೆಂಡತಿ ಬರ್ಕಾ ಬಂತು ಎಂದರು.

ಬರ್ಕಾ ಹಲ್ವಾಕ್ಕೆ ಹೆಸರಾದ ಊರು. ಕೇಸರಿ, ಏಲಕ್ಕಿ, ಗುಲಾಬಿ ನೀರು, ತುಪ್ಪ ಹಾಕಿ ದೊಡ್ಡ ಕಡಾಯಿಯಲ್ಲಿ ಗಂಟೆಗಟ್ಟಲೆ ಮಗುಚುತ್ತಾರೆ. ಕಪ್ಪಗಿರುವುದು ಬೆಲ್ಲದ್ದು, ಹೊಂಬಣ್ಣದ್ದು ಕೇಸರಿಯದು. ಎರಡರ ರುಚಿಯನ್ನೂ ಚಮಚದಲ್ಲಿ ಕೊಡುತ್ತಾರೆ, ಸಂಕೋಚಪಡದೆ ಕೇಳಿ. ನಾನು ಕಪ್ಪು ಆರಿಸಿದೆ, ಗೆಳೆಯ ಕೇಸರಿಯದೇ ಸರಿ ಎಂದ. ಅವನ ಹೆಂಡತಿ ಎರಡನ್ನೂ ಕಟ್ಟಿಸಿ ದುಡ್ಡು ಕೊಟ್ಟು ಬಂದರು.